ವೇಟಿಂಗ್ ಲಿಸ್ಟ್ ನಂಬರ್ ಮೂರು

ಬೈಂದೂರಿನ ಮೀನು ಮಾರ್ಕೆಟ್ಟಿನಲ್ಲಿ ಸುಳ್ಳಿಗೂ ಒಂದು ಮಿತಿಯಿದೆ. ನಿನ್ನೆಯ ಬಂಗುಡೆಯನ್ನು ಇವತ್ತಿನದು ಎನ್ನಬಹುದು, ಮೊನ್ನೆಯದನ್ನು ಎನ್ನಬಾರದು. ಇಪ್ಪತ್ತೆರಡು ವರ್ಷ ಈ ಮಿತಿ ದಾಟದೆ ವ್ಯಾಪಾರ ಮಾಡಿದ ಚಂದ್ರಮತಿ ಏಪ್ರಿಲ್ ತಿಂಗಳ ಒಂದು ಬುಧವಾರ ಆಡಿದ ಮಾತನ್ನು ಸುಳ್ಳು ಎನ್ನುವುದು ಹಾಗಾಗಿ ತಪ್ಪಾಗುತ್ತದೆ. ಅದು ಸ್ವಲ್ಪ ಮುಂಚಿತವಾಗಿ ಹೊರಬಿದ್ದ ನಿಜ, ಅಷ್ಟೆ.

ಆದದ್ದು ಇಷ್ಟು. ಪಕ್ಕದಲ್ಲಿ ಬುಟ್ಟಿ ಇಟ್ಟು ಕೂರುವ ನಾಗು, ತನ್ನ ತಂಗಿಯ ಮಗ ರತನ್‌ಗೆ ಮಂಗಳೂರಿನ ಯಾವುದೋ ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದನ್ನು ಬೆಳಿಗ್ಗೆಯಿಂದ ಹೇಳುತ್ತಿದ್ದಳು. ಬಂದ ಗಿರಾಕಿಗಳಿಗೆಲ್ಲ ಹೇಳಿದಳು. ಗಿರಾಕಿ ಇಲ್ಲದಾಗ ಮಾರ್ಕೆಟ್ಟಿನ ಬೆಕ್ಕಿಗೆ ಹೇಳಿದಳು. ಆ ಹಾಸ್ಟೆಲಿನಲ್ಲಿ ಬಿಸಿನೀರು ಗೋಡೆಯಿಂದಲೇ ಬರುತ್ತದೆ ಎಂಬಲ್ಲಿಗೆ ಮಾತು ಮುಟ್ಟುವಾಗ ಹತ್ತೂವರೆ ಗಂಟೆ. ಚಂದ್ರಮತಿ ತನ್ನ ಮೀನಿನ ಮೇಲೆ ನೀರು ಚಿಮುಕಿಸುತ್ತ, ಯಾರ ಕಡೆಗೂ ನೋಡದೆ, "ನಮ್ ನವ್ಯಂಗೂ ಸೀಟ್ ಆಯ್ತ್. ಬ್ರಹ್ಮಾವರದ ಯೂನಿವರ್ಸಿಟಿ. ಕಾಲೇಜಿಗೆ ಹೋಪುಕ್ ಮುಂಚೆಯೇ ಕರೀತ್ರಂಬ್ರ್" ಎಂದಳು.

ಕಾಲೇಜಿಗೆ ಮುಂಚೆಯೇ ಕರೆಯುವ ಕಾಲೇಜು ಎಂದರೆ ಅದು ಕಾಲೇಜಿಗಿಂತ ದೊಡ್ಡದೇ ಇರಬೇಕೆಂದು ಮಾರ್ಕೆಟ್ಟು ನಿಂತ ನಿಲುವಿನಲ್ಲೇ ತೀರ್ಮಾನಿಸಿತು. ನಾಗು ಅಂದು ಮತ್ತೆ ಬಿಸಿನೀರಿನ ಸುದ್ದಿ ಎತ್ತಲಿಲ್ಲ.

ನಿಜ ಸಂಗತಿ ಏನೆಂದರೆ, ಬ್ರಹ್ಮಾವರದ ಕಡೆ ಹೊಸದಾಗಿ ಎದ್ದ ಒಂದು ಖಾಸಗಿ ವಿಶ್ವವಿದ್ಯಾಲಯ ಹೈಸ್ಕೂಲು ಮಕ್ಕಳಿಗಾಗಿ ಮೇ ತಿಂಗಳಲ್ಲಿ ಮೂರು ವಾರದ ಬೇಸಿಗೆ ಕೋರ್ಸು ನಡೆಸುತ್ತಿತ್ತು. ಮಕ್ಕಳು ಕಾಲೇಜಿನವರ ಹಾಗೆಯೇ ಹಾಸ್ಟೆಲಿನಲ್ಲಿದ್ದು, ಲ್ಯಾಬಿನಲ್ಲಿ ಕೆಲಸ ಮಾಡಿ, ದೊಡ್ಡ ಪ್ರೊಫೆಸರುಗಳಿಂದ ಪಾಠ ಕೇಳಬಹುದು. ಒಟ್ಟು ನಲವತ್ತು ಸೀಟು. ಬೆಂಗಳೂರು, ಮುಂಬಯಿ, ದುಬೈ ಕಡೆಯ ಮಕ್ಕಳೇ ಹೆಚ್ಚು; ಸುತ್ತಲಿನ ಸರಕಾರಿ ಶಾಲೆಯವರು ಯಾರಾದರೂ ಆಯ್ಕೆಯಾದರೆ ಅವರಿಗೆ ಫೀಸಿಲ್ಲ. ಹತ್ತನೇ ಪರೀಕ್ಷೆ ಮುಗಿಸಿ ಕೂತಿದ್ದ ಚಂದ್ರಮತಿಯ ಮಗಳು ನವ್ಯಶ್ರೀ ಅಮ್ಮನ ಫೋನಿನಲ್ಲೇ ಅರ್ಜಿ ತುಂಬಿದ್ದಳು. ಕೆಲವು ರಾತ್ರಿ ಕಡಲ ತೆರೆಯ ತುದಿ ನೀಲಿಯಾಗಿ ಏಕೆ ಬೆಳಗುತ್ತದೆ, ಕೆಲವು ರಾತ್ರಿ ಏಕೆ ಬೆಳಗುವುದಿಲ್ಲ ಎಂದು ಎರಡು ಪುಟ ಬರೆದಿದ್ದಳು. ಹನ್ನೊಂದು ಸಲ ತಿದ್ದಿದ್ದಳು. ಆ ದಿನಗಳಲ್ಲಿ ಅವಳು ಫೋನು ಕೆಳಗಿಡದೆ ಚಂದ್ರಮತಿಗೆ ಬಂದ ವ್ಯಾಪಾರದ ಕರೆಗಳೆಲ್ಲ ತಪ್ಪಿಹೋಗಿದ್ದವು. ಬಂದ ಉತ್ತರದಲ್ಲಿ ಮಾತ್ರ, ನಿಮ್ಮ ಹೆಸರು ವೇಟಿಂಗ್ ಲಿಸ್ಟಿನಲ್ಲಿ ಮೂರನೆಯದಾಗಿದೆ ಎಂದಿತ್ತು.

ಚಂದ್ರಮತಿಯ ಗಂಡ ರತ್ನಗಿರಿ ಕಡೆಯ ಬೋಟಿನಲ್ಲಿದ್ದ. ಅವನ ಫೋನು ಹತ್ತು ದಿನಕ್ಕೊಮ್ಮೆ ಸಿಕ್ಕರೆ ಸಿಕ್ಕಿತು. ಆದ್ದರಿಂದ ಪತ್ರ, ಮಾರ್ಕೆಟ್ಟಿನ ಆ ಮಾತಿಗೆ ಮೊದಲೇ, ಗಂಡನ ಅಣ್ಣ ಪ್ರೇಮಾನಂದನ ಕೈಗೆ ಹೋಗಿತ್ತು. ಮೂವತ್ತೊಂದು ವರ್ಷ ಮುಂಬಯಿಯಲ್ಲಿ ಕ್ಯಾಂಟೀನು ನಡೆಸಿ ಬಂದವನು ಅವನು. ಕನ್ನಡಕ ಹಾಕಿಕೊಂಡು ಮೊದಲ ನಾಲ್ಕು ಸಾಲು ದಾಟಿ, 'ಮೂರು' ಎಂಬ ಅಂಕಿ ಸಿಕ್ಕಿದ ಕೂಡಲೇ ಕನ್ನಡಕ ತೆಗೆದ.

"ಮೂರಾ? ಕನ್ಫರ್ಮ್ ಆಯ್ತ್ ಬಿಡ್. ವೇಟಿಂಗ್ ನಲ್ವತ್ತೇಳ್ ಇದ್ದಾಗ್ಳೂ ನಾನ್ ರೈಲಿನ್ ಕೆಳ್ಗಿನ ಬರ್ತಲ್ಲಿ ಮನಿಕಂಡ್ ಬಂದವ."

ಬೈಂದೂರಿನವರನ್ನು ಇಲ್ಲಿ ತಪ್ಪು ತಿಳಿಯಬಾರದು. ಮನೆಗೊಬ್ಬರಂತೆ ಮುಂಬಯಿಗೆ ಹೋಗಿ ಬರುವ ಊರು ಇದು. ವೇಟಿಂಗ್ ಲಿಸ್ಟ್ ಎಂದರೆ ಬೇರೆ ಊರಿನವರಿಗೆ ಅನುಮಾನ, ಇಲ್ಲಿಯವರಿಗೆ ಅದೊಂದು ಅಂತಸ್ತು. ಹತ್ತರ ಒಳಗಿನ ನಂಬರಿಗೆ ಜನ ಅಭಿನಂದನೆ ಹೇಳುತ್ತಾರೆ. ಅಂಥ ಟಿಕೆಟ್ಟು ನಂಬಿ ಮದುವೆಯ ಕರೆಯೋಲೆ ಹಂಚುತ್ತಾರೆ. ಈಗ ರೈಲಿನ ನಿಯಮ ಬದಲಾಗಿದೆ, ಮೊದಲಿನ ಹಾಗೆ ಹತ್ತಿ ಕೂರಲಾಗುವುದಿಲ್ಲ ಎಂದು ನವ್ಯ ಹೇಳಿದಳು. ನಿಯಮ ಬದಲಾಗಿರಬಹುದು, ಪ್ರೇಮಾನಂದ ಬದಲಾಗಿರಲಿಲ್ಲ. ಇದು ರೈಲೇ ಅಲ್ಲ ದೊಡ್ಡಪ್ಪ ಎಂದು ಅವಳು ಅಂದದ್ದಕ್ಕೆ ಅವನು ನಕ್ಕ. ಸೀಟು ಎಂದ ಮೇಲೆ ಎಲ್ಲ ಒಂದೇ. ಎಲ್ಲದಕ್ಕೂ ಒಂದು ಚಾರ್ಟ್ ಇರುತ್ತದೆ, ಒಬ್ಬ ಟಿಟಿ ಇರುತ್ತಾನೆ, ಚಾರ್ಟ್ ಆಗುವ ಹೊತ್ತಿಗೆ ನಮ್ಮ ಜನ ಸ್ಟೇಷನ್ನಿನಲ್ಲಿರಬೇಕು, ಮುಗಿಯಿತು ಎಂದ. ಮನೆಯಲ್ಲಿ ಕೂತವನಿಗೆ ಬರ್ತು ತಂದುಕೊಟ್ಟ ಟಿಟಿಯನ್ನು ಅವನು ಆಯುಷ್ಯದಲ್ಲಿ ಕಂಡಿರಲಿಲ್ಲವಂತೆ.

ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸು ಎದ್ದಿತು. ಇದು ರಾಜೀವನ ಕೆಲಸ. ಊರಿನ ಯುವಕ ಮಂಡಲಕ್ಕೆ ಅವನು ಹದಿನಾಲ್ಕು ವರ್ಷದಿಂದ ಅಧ್ಯಕ್ಷ, ಅವನಿಗೀಗ ನಲವತ್ತೊಂಬತ್ತು. ಊರಿನಲ್ಲಿ ಯಾರಿಗೆ ಏನು ಒಳ್ಳೆಯದಾದರೂ ಮೂರು ದಿನದೊಳಗೆ ಫ್ಲೆಕ್ಸು ಹಾಕಿಸುವುದು ಅವನ ಚಟ, ಅವನ ಪ್ರಕಾರ ಸೇವೆ. 'ಬೈಂದೂರಿನ ಹೆಮ್ಮೆಯ ಕುವರಿ ನವ್ಯಶ್ರೀಗೆ ಅಭಿನಂದನೆಗಳು' ಎಂಬುದರ ಕೆಳಗೆ ಮೂಲೆಯಲ್ಲಿ ನವ್ಯಳ ಹಾಲ್‌ಟಿಕೆಟ್ಟಿನ ಫೋಟೋ. ನಡುವೆ ಕಪ್ಪು ಕನ್ನಡಕದ ರಾಜೀವ, ಸುತ್ತ ಮಂಡಲದ ಇಪ್ಪತ್ತೆರಡು ಮಂದಿ. ಗೊತ್ತಿಲ್ಲದವರು ನೋಡಿದರೆ ರಾಜೀವನಿಗೆ ಸೀಟು ಸಿಕ್ಕಿದೆ, ಈ ಹುಡುಗಿ ಅವನಿಗೆ ಶುಭ ಕೋರುತ್ತಿದ್ದಾಳೆ ಎಂದೇ ತಿಳಿಯಬೇಕು.

ನವ್ಯ ಅಂದಿನಿಂದ ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟಳು. ರೈಲ್ವೆ ಸ್ಟೇಷನ್ನಿನ ಹಿಂದಿನಿಂದ ಸುತ್ತಿ ಹಾಲು ತರತೊಡಗಿದಳು. ಮಂಗಳವಾರ ಅಮ್ಮನನ್ನು ಅಡಿಗೆಮನೆಯಲ್ಲಿ ಕೂರಿಸಿ, ಪತ್ರವನ್ನು ಒಂದೊಂದೇ ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದಳು. ಆಯ್ಕೆಯಾದವರಲ್ಲಿ ಯಾರಾದರೂ ಬಾರದಿದ್ದರೆ ಮಾತ್ರ ಇವರ ಸರದಿ. ಸೀಟು ತೆರವಾದರೆ ಅವರೇ ಫೋನ್ ಮಾಡುತ್ತಾರೆ. ಫೋನ್ ಬಾರದಿದ್ದರೆ ಇಲ್ಲ.

ಚಂದ್ರಮತಿಗೆ ಪೂರ್ತಿ ಅರ್ಥವಾಯಿತು. ಅರ್ಥವಾದದ್ದೇ ತೊಂದರೆಯಾಯಿತು. ಅಲ್ಲಿಯವರೆಗೆ ಅವಳು ಸುಖವಾಗಿ ನಿದ್ದೆ ಮಾಡುತ್ತಿದ್ದಳು.

ನಿಜ ಹೇಳಿಬಿಡುವುದೇ ಸರಿ ಎಂದುಕೊಂಡು ಮೊದಲು ನಾಗುವಿನ ಹತ್ತಿರ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ನಾಗು ಮಂಚದಡಿಯಿಂದ ಒಂದು ಚಕ್ರದ ಸೂಟ್‌ಕೇಸು ಎಳೆದು ಒರೆಸಿದಳು. ಮಗಳ ಮದುವೆಗೆ ತಂದದ್ದು, ಎರಡು ಸಲ ಬಿಟ್ಟರೆ ಬಳಸಿಲ್ಲ ಎಂದಳು. ರತನನ ವಿಷಯ ತಾನು ಅಷ್ಟು ಕೊಚ್ಚಿಕೊಳ್ಳಬಾರದಿತ್ತು ಎಂದಳು. ಆಮೇಲೆ ಸೂಟ್‌ಕೇಸಿನ ಬೀಗ ತಿರುಗಿಸುತ್ತ, "ಅದ್ ಬಿಡ್ ಹೆಣೆ. ಅಂವ ನನ್ ತಂಗಿ ಮಗ, ಅಂವ ಓದ್ರೆ ಅವ್ರ ಮನೆಗೇ ಲಾಭ. ನವ್ಯ ನಮ್ ಮಾರ್ಕೆಟ್ಟಿನ್ ಹೆಣ್ಣ್" ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ನಾಗು ಅವಳಿಗೆ ಒಂದು ತುಂಡು ಐಸು ಸಹ ಪುಕ್ಕಟೆ ಕೊಟ್ಟವಳಲ್ಲ. ಚಂದ್ರಮತಿ ಸೂಟ್‌ಕೇಸು ಎಳೆದುಕೊಂಡು ಮನೆಗೆ ಬಂದಳು.

ರಾಜೀವನ ಹತ್ತಿರ ಹೋದದ್ದು ಇನ್ನೂ ಕೆಟ್ಟಿತು. ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಒಂದು ಸಾಲು ಇದ್ದದ್ದನ್ನು ಅವನ ಮಂಡಲದ ಕಾರ್ಯದರ್ಶಿ ಹುಡುಕಿಟ್ಟಿದ್ದ: ಬರುವ ಪ್ರತಿ ವಿದ್ಯಾರ್ಥಿ ತನ್ನ ಊರಿನದ್ದು ಅನ್ನುವಂಥದ್ದನ್ನು ಏನಾದರೂ ತರಬೇಕು, ಮೊದಲ ದಿನ ಎಲ್ಲರೊಂದಿಗೆ ಹಂಚಿಕೊಳ್ಳಬೇಕು. ಬೆಂಗಳೂರಿನ ಮಕ್ಕಳು ಇದನ್ನು ಓದಿ ಒಂದು ಡಬ್ಬಿ ಮೈಸೂರುಪಾಕು ತರುತ್ತಾರೆ. ರಾಜೀವ ಓದಿದ್ದೇ ಬೇರೆ ರೀತಿ. ಊರಿನದ್ದು ಎಂದ ಮೇಲೆ ಊರೇ ಕೊಡಬೇಕು. ಊರು ಕೊಡುವುದೆಂದರೆ ಹೊರೆಕಾಣಿಕೆ. ದೇವಸ್ಥಾನದ ದೊಡ್ಡ ಕಾರ್ಯಕ್ಕೆ ಅಕ್ಕಿ, ಕಾಯಿ, ತರಕಾರಿಯೆಲ್ಲ ಗಾಡಿಗೆ ತುಂಬಿ, ಹೂವು ಕಟ್ಟಿ, ಚೆಂಡೆ ಬಡಿಸಿ ಮೆರವಣಿಗೆಯಲ್ಲಿ ಒಯ್ಯುವುದು ಅವನಿಗೆ ಗೊತ್ತು. ವಿದ್ಯೆಯ ದೇವಸ್ಥಾನಕ್ಕೆ ಅದಕ್ಕಿಂತ ಕಡಿಮೆಯಾದರೆ ಬೈಂದೂರಿನ ಮರ್ಯಾದೆ ಏನಾಗಬೇಕು ಎಂದು ಅವನು ಚಂದ್ರಮತಿಯನ್ನೇ ಕೇಳಿದ. ಪಿಕಪ್ಪು ಗೊತ್ತು ಮಾಡಿಯಾಗಿದೆ, ಮುನ್ನೂರು ತೆಂಗಿನಕಾಯಿ ಬಂದಿದೆ, ಕುಂಬಳಕಾಯಿ ನಾಳೆ ಬರುತ್ತದೆ ಎಂದ. ಚಂದ್ರಮತಿ ಹೇಳಬೇಕೆಂದು ಹೋದ ಮಾತು ಕುಂಬಳಕಾಯಿಯ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತು.

ಕೋರ್ಸು ಸೋಮವಾರ ಶುರು. ಭಾನುವಾರ ಸಂಜೆಯವರೆಗೂ ಫೋನು ಬರಲಿಲ್ಲ. ಬಂದದ್ದು ಒಂದೇ ಕರೆ, ಅದೂ ಐಸಿನವನದು. ನವ್ಯ ಬಟ್ಟೆ ತುಂಬಲಿಲ್ಲ, ಅಳಲೂ ಇಲ್ಲ. ಸೂಟ್‌ಕೇಸಿನ ಮೇಲೆ ಕೂತು ತಾನು ಬರುವುದಿಲ್ಲ ಎಂದಳು. ಅಲ್ಲಿಗೆ ಹೋಗಬೇಕೆಂದು ತನ್ನಷ್ಟು ಆಸೆ ಈ ಊರಿನಲ್ಲಿ ಯಾರಿಗೂ ಇಲ್ಲ, ಅದಕ್ಕೇ ಬರುವುದಿಲ್ಲ ಎಂದಳು.

"ಅಷ್ಟ್ ಜನ್ರ ಎದ್ರ್ ವಾಪಸ್ ಕಳ್ಸ್ರೆ ಎಂತ ಮಾಡುದ್ ಅಮ್ಮ?"

"ಕಳ್ಸ್ರೆ ವಾಪಸ್ ಬಪ್ಪ" ಎಂದಳು ಚಂದ್ರಮತಿ. "ಉಳ್ದ ಮೀನ್ ಹೊತ್ಕಂಡ್ ನಾನ್ ದಿನಾ ಎಷ್ಟ್ ಮನೆ ಬಾಗ್ಲಿಂದ ವಾಪಸ್ ಬತ್ತೆ ಗೊತ್ತಿತ್ತಾ? ಬ್ಯಾಡ ಅಂತ್ರ್, ಮುಂದಿನ್ ಮನೆಗೆ ಹೋತೆ. ಅದ್ರಲ್ಲಿ ನಾಚ್ಕಿ ಎಂತದ್? ನೀ ಬಟ್ಟೆ ತುಂಬ್."

ಹೇಳಿದ್ದೇನೋ ಹೇಳಿದಳು. ಮಗಳು ಒಳಗೆ ಹೋದ ಮೇಲೆ ದೇವರ ಮುಂದೆ ನಿಂತು, ನಾಳೆ ಯಾರಾದರೊಬ್ಬ ಹುಡುಗನಿಗೆ ಸಣ್ಣದೊಂದು ನೆಗಡಿ ಬರಲಿ, ಜ್ವರ ಬೇಡ, ಎಂದು ಕೇಳಿಕೊಂಡಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಮೆರವಣಿಗೆ ಹೊರಟಿತು. ಮುಂದೆ ಮಂಡಲದ ಬ್ಯಾನರು ಕಟ್ಟಿದ ರಾಜೀವನ ಜೀಪು, ನಡುವೆ ಅಡಿಕೆಯ ಹಿಂಗಾರ ಮತ್ತು ಬಾಳೆಕಂಬ ಕಟ್ಟಿದ ಪಿಕಪ್ಪು, ಹಿಂದೆ ಎರಡು ಟೆಂಪೋದಲ್ಲಿ ಜನ. ಪಿಕಪ್ಪಿನಲ್ಲಿ ಕಾಯಿ, ಕುಂಬಳ, ಸೌತೆ, ಬೆಲ್ಲದ ಪೆಟ್ಟಿಗೆ, ಹುಲ್ಲು ಸುತ್ತಿ ಕಟ್ಟಿದ ಐದು ಮುಡಿ ಅಕ್ಕಿ, ಎಲ್ಲದರ ಮೇಲೆ ನಾಲ್ಕು ಜನ ಚೆಂಡೆಯವರು. ಮರವಂತೆ, ಹೆಮ್ಮಾಡಿ ದಾಟುವಾಗ ದಾರಿಬದಿಯ ಜನ ಎದ್ದು ನಿಂತು ಕೈಮುಗಿದರು. ಕುಂದಾಪುರದಲ್ಲಿ ಟ್ರಾಫಿಕ್ ಪೊಲೀಸ ಬೇರೆ ಗಾಡಿಗಳನ್ನು ತಡೆದು ದಾರಿ ಬಿಟ್ಟ. ಕೋಟೇಶ್ವರದಲ್ಲಿ ಅಜ್ಜಿಯೊಬ್ಬಳು ಯಾವ ದೇವಸ್ಥಾನದ ಕಾರ್ಯವೆಂದು ಕೇಳಿದಳು. ಪ್ರೇಮಾನಂದ ಕಿಟಕಿಯಿಂದ ತಲೆ ಹಾಕಿ ಯೂನಿವರ್ಸಿಟಿ ಎಂದ. ಅಜ್ಜಿ ಆ ದೇವರ ಹೆಸರು ಕೇಳಿದವಳಲ್ಲ. ಆದರೂ ಎರಡು ತೆಂಗಿನಕಾಯಿ ತಂದು ಹಾಕಿದಳು.

ಯೂನಿವರ್ಸಿಟಿಯ ಗೇಟಿನಲ್ಲಿ ಹತ್ತು ಗಂಟೆಗೆ ಕೆಲಸದಲ್ಲಿದ್ದ ಗಾರ್ಡು ಕೋಟದ ಕಡೆಯವನು. ಹೆಸರು, ನಂಬರು, ಪಾಸು ಕೇಳಬೇಕೆಂದು ಅವನಿಗೆ ಆಜ್ಞೆಯಿತ್ತು. ಆದರೆ ಹೊರೆಕಾಣಿಕೆಯ ಗಾಡಿಯನ್ನು ಗೇಟಿನಲ್ಲಿ ನಿಲ್ಲಿಸಿ ಪಾಸು ಕೇಳುವವನು ಈ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಚಪ್ಪಲಿ ಬಿಟ್ಟು ಎರಡೂ ಬಾಗಿಲು ತೆರೆದ.

ಕೋರ್ಸಿನ ಮುಖ್ಯಸ್ಥೆ ಅನ್ವಿತಾ ಮೇಡಂ ಮೈಸೂರಿನವರು, ಇಲ್ಲಿಗೆ ಬಂದು ಎಂಟು ತಿಂಗಳು. ಚೆಂಡೆಯ ಸದ್ದಿಗೆ ಹೊರಗೆ ಬಂದವರು ಐವತ್ತು ಜನರನ್ನೂ ಬ್ಯಾನರನ್ನೂ ಕಂಡು, ಇದು ಸ್ಥಳೀಯರ ಪ್ರತಿಭಟನೆ ಎಂದು ತಿಳಿದರು. ಕುಂಬಳಕಾಯಿ ಒಡೆದು ರಸ್ತೆ ತಡೆಯುವ ಪದ್ಧತಿ ಈ ಕಡೆ ಇರಬಹುದೆಂದೂ ಅವರಿಗೆ ತೋಚಿತು. ಧೈರ್ಯ ಮಾಡಿ ಮುಂದೆ ಬಂದು, ನಿಮ್ಮ ಬೇಡಿಕೆ ಏನೆಂದು ಬಹಳ ಮರ್ಯಾದೆಯಿಂದ ಕೇಳಿದರು.

"ಬೇಡ್ಕಿ ಎಂತದೂ ಇಲ್ಲೆ ಮೇಡಂ" ಎಂದ ಪ್ರೇಮಾನಂದ. "ವೇಟಿಂಗ್ ಮೂರ್ ನಮ್ದ್. ಚಾರ್ಟ್ ಎಷ್ಟೊತ್ತಿಗೆ ಆತ್ತ್?"

ಮೇಡಂಗೆ ವಿಷಯ ತಿಳಿಯಲು ಹತ್ತು ನಿಮಿಷ ಬೇಕಾಯಿತು. ತಿಳಿದದ್ದು ಪ್ರೇಮಾನಂದನಿಂದಲ್ಲ, ಎಲ್ಲರ ಹಿಂದಿದ್ದ ನವ್ಯ ಮುಂದೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರಿಂದ. ಕರೆಯದೆ ಬಂದದ್ದು ತಪ್ಪು, ಕ್ಷಮಿಸಬೇಕು ಎಂದಳು. ಆ ಕ್ಷಣ ಇಡೀ ಬೈಂದೂರಿಗೆ ವಿಷಯ ಗೊತ್ತಾಯಿತು. ರಾಜೀವ ಕಪ್ಪು ಕನ್ನಡಕ ತೆಗೆದು ಚಂದ್ರಮತಿಯನ್ನು ನೋಡಿದ. ಚಂದ್ರಮತಿ ಕುಂಬಳಕಾಯಿ ನೋಡಿದಳು. ನಾಗು ಮಾತ್ರ ಸೂಟ್‌ಕೇಸಿನ ಹಿಡಿ ಬಿಡದೆ, ಬಂದದ್ದಾಯಿತು, ಕೂತು ಕಾಯುವ ಎಂದು ಮೆಟ್ಟಿಲ ಮೇಲೆ ಕೂತಳು. ಅವಳು ಕೂತದ್ದು ನೋಡಿ ಉಳಿದವರೂ ಕೂತರು.

ಕಡಲು ಬೆಳಗುವ ಬಗ್ಗೆ ಬರೆದವಳು ನೀನೇನಾ ಎಂದು ಮೇಡಂ ನವ್ಯಳನ್ನು ಕೇಳಿದರು. ಚೆನ್ನಾಗಿ ಬರೆದಿದ್ದೆ, ಆದರೆ ನಿಯಮ ನಿಯಮವೇ ಎಂದರು. ಹನ್ನೆರಡಕ್ಕೆ ಹಾಜರಿ ಮುಚ್ಚುತ್ತದೆ. ಆಗ ಸೀಟು ಉಳಿದರೆ ಪಟ್ಟಿಯ ಕ್ರಮದಲ್ಲಿ ಫೋನ್ ಮಾಡುತ್ತಾರೆ. ಎರಡು ಗಂಟೆಯ ಲ್ಯಾಬ್ ಪಾಠಕ್ಕೆ ಮೊದಲು ಬಂದು ಮುಟ್ಟುವವರಿಗೆ ಮಾತ್ರ ಸೀಟು. ಪ್ರೇಮಾನಂದ ಇದನ್ನು ಕೇಳಿ ಸುತ್ತ ತಿರುಗಿ, ನಾನು ಹೇಳಲಿಲ್ಲವಾ ಎಂಬ ಮುಖ ಮಾಡಿದ.

ಮುಂದಿನ ಒಂದೂವರೆ ಗಂಟೆಯನ್ನು ಆ ವಿದ್ಯಾಸಂಸ್ಥೆಗೆ ಬಂದ ಮಕ್ಕಳು ಬೇಗ ಮರೆಯಲಾರರು. ಗೇಟಿನಲ್ಲಿ ಒಂದೊಂದು ಕಾರು ಕಂಡಾಗಲೂ ಮೆಟ್ಟಿಲ ಮೇಲೆ ಐವತ್ತು ಮುಖ ಬಾಡುತ್ತಿದ್ದವು. ಕಾರಿನಿಂದ ಮಗು ಇಳಿದರೆ ಒಂದು ದೊಡ್ಡ ನಿಟ್ಟುಸಿರು. ಹಾಜರಿಯ ಮೇಜಿನ ಬಳಿ ನಿಂತ ಪ್ರೇಮಾನಂದ ಗಟ್ಟಿಯಾಗಿ ಎಣಿಸುತ್ತಿದ್ದ. ಹನ್ನೊಂದೂವರೆಗೆ ಮೂವತ್ತಾರು. ಹನ್ನೆರಡಕ್ಕೆ ಕಾಲು ಗಂಟೆಯಿರುವಾಗ ಮೂವತ್ತೊಂಬತ್ತು. ಐದು ನಿಮಿಷವಿರುವಾಗ ಒಂದು ಬಿಳಿ ವ್ಯಾನು ಒಳಗೆ ಬಂತು. ರಾಜೀವ ಕಣ್ಣು ಮುಚ್ಚಿಕೊಂಡ. ಬಾಗಿಲು ತೆರೆಯಿತು, ಇಳಿದದ್ದು ಕುಡಿಯುವ ನೀರಿನ ಕ್ಯಾನು. ಬೈಂದೂರಿನ ಜನ ನೀರಿನ ಕ್ಯಾನಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಹನ್ನೆರಡಾಯಿತು. ದುಬೈಯ ಹುಡುಗನೊಬ್ಬ ಬಂದಿರಲಿಲ್ಲ. ಫೋನ್ ಮಾಡಿದಾಗ ಅವನು ಮನೆಯವರೊಂದಿಗೆ ಕಾಶ್ಮೀರದಲ್ಲಿದ್ದ, ಕುದುರೆಯ ಮೇಲಿದ್ದ. ಅವನಿಗೆ ನೆಗಡಿ ಕೂಡ ಇರಲಿಲ್ಲ.

ಮೇಡಂ ಪಟ್ಟಿ ತೆಗೆದರು. ಒಂದನೆಯ ನಂಬರು ಬೆಳಗಾವಿ. ಹುಡುಗಿಯ ತಂದೆ ನಾಳೆ ಬೆಳಿಗ್ಗೆ ತಲುಪಿಸುತ್ತೇನೆ ಎಂದರು, ಆಗುವುದಿಲ್ಲ ಎಂದಾಯಿತು. ಎರಡನೆಯವನು ಚೆನ್ನೈಯಲ್ಲಿ ಬೇರೆ ಕೋರ್ಸಿಗೆ ಸೇರಿಕೊಂಡಿದ್ದ. ಮೇಡಂ ಮೂರನೆಯ ನಂಬರು ಒತ್ತಿದರು. ನವ್ಯ ಅಮ್ಮನ ಪಕ್ಕ, ಕಣ್ಣೆದುರಿಗೇ ನಿಂತಿದ್ದಳು, ಆದರೆ ಕರೆ ಮಾಡಿದ್ದು ದಾಖಲೆಯಲ್ಲಿರಬೇಕು, ನಿಯಮ ಹಾಗಿದೆ. ಅರ್ಜಿಯಲ್ಲಿದ್ದದ್ದು ಅಮ್ಮನ ನಂಬರು. ಚಂದ್ರಮತಿಯ ಸೊಂಟದ ಚೀಲದಲ್ಲಿ ಫೋನು ಕೂಗಿತು.

ಮೀನು ಮಾರುವವಳು ಫೋನೆತ್ತುವ ರೀತಿಯೇ ಬೇರೆ. "ಹಲೋ ಯಾರ್?" ಎಂದು ಅವಳು ಕೇಳಿದ್ದು ಮೂರನೆಯ ಮಹಡಿಗೂ ಕೇಳಿಸಿತು.

ಎರಡು ಮಾರು ದೂರದಲ್ಲಿ ಕೂತ ಮೇಡಂ ಫೋನಿನಲ್ಲೇ ತಮ್ಮ ಪರಿಚಯ ಹೇಳಿದರು. ಒಂದು ಸೀಟು ತೆರವಾಗಿದೆ, ನಿಮ್ಮ ಮಗಳನ್ನು ಸೇರಿಸಲು ಒಪ್ಪಿಗೆಯೇ ಎಂದು ಕೇಳಿದರು. ಚಂದ್ರಮತಿ ಮೇಡಂ ಮುಖ ನೋಡುತ್ತಲೇ, ಫೋನಿನೊಳಗೆ, ಒಪ್ಪಿಗೆ ಎಂದಳು. ಅದು ಮೇಡಂಗೆ ಎರಡು ಸಲ ಕೇಳಿಸಿತು, ಒಮ್ಮೆ ಎದುರಿನಿಂದ, ಒಮ್ಮೆ ಫೋನಿನಿಂದ.

"ಎಷ್ಟು ಹೊತ್ತಿನಲ್ಲಿ ಬರಬಹುದು?" ಎಂದರು ಮೇಡಂ. ಅದೂ ನಿಯಮದಲ್ಲಿದ್ದ ಪ್ರಶ್ನೆಯೇ.

ಚಂದ್ರಮತಿ ಮಗಳ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದೆ ದೂಡಿದಳು. "ಹೊರ್ಟಳ್ ಕಾಣಿ. ಈಗ್ ಬಂದಳ್."

ನವ್ಯ ಐದು ಹೆಜ್ಜೆ ನಡೆದು ಮೇಜು ಮುಟ್ಟಿದಳು. ಮೇಡಂ ಫೋನಿಟ್ಟು ಗಡಿಯಾರ ನೋಡಿ ಸಮಯ ಬರೆದುಕೊಂಡರು. ಮೆಟ್ಟಿಲ ಮೇಲೆ ಎದ್ದ ಗದ್ದಲದಲ್ಲಿ ಚೆಂಡೆಯವರು ಯಾರೂ ಹೇಳದೆಯೇ ಶುರು ಮಾಡಿದರು. ನಾಗು ಸೂಟ್‌ಕೇಸಿನ ಚಕ್ರದಲ್ಲಿ ಸಿಕ್ಕಿದ ಸೆರಗು ಬಿಡಿಸಿಕೊಳ್ಳುತ್ತ ಅತ್ತಳು. ಪ್ರೇಮಾನಂದ ಒಬ್ಬನೇ ಶಾಂತನಾಗಿದ್ದ. ಮೂರು ನಂಬರಿಗೆ ಇಷ್ಟು ತಡವಾದದ್ದೇ ಹೆಚ್ಚು ಎಂದ.

ಇನ್ನೊಂದು ತೊಡಕು ಉಳಿದಿತ್ತು. ಇಷ್ಟು ಸಾಮಾನು ನಮಗೆ ಬೇಡ, ದಯವಿಟ್ಟು ವಾಪಸು ಒಯ್ಯಿರಿ ಎಂದರು ಮೇಡಂ. ಕೊಟ್ಟ ಹೊರೆ ಹಿಂದೆ ಒಯ್ಯುವ ಪದ್ಧತಿಯಿಲ್ಲ ಎಂದ ರಾಜೀವ. ಗಾರ್ಡು ಮುಂದೆ ಬಂದು, ತಂದವರಿಗೆ ಊಟ ಹಾಕದೆ ಕಳಿಸುವ ಪದ್ಧತಿಯೂ ಇಲ್ಲ ಎಂದು ಮೇಡಂ ಕಿವಿಯಲ್ಲಿ ಹೇಳಿದ. ಮೆಸ್ಸಿನಲ್ಲಿ ನಲವತ್ತು ಮಕ್ಕಳಿಗೆ ಮಾಡಿದ ಅಡಿಗೆಯಿತ್ತು. ಪ್ರೇಮಾನಂದ ಪಂಚೆ ಎತ್ತಿ ಕಟ್ಟಿ, ಮುಂಬಯಿಯ ಕ್ಯಾಂಟೀನಿಗೆ ಹೊಕ್ಕ ಹಾಗೆ ಒಳಹೊಕ್ಕ. ಮುಕ್ಕಾಲು ಗಂಟೆಯಲ್ಲಿ ಕುಂಬಳಕಾಯಿ ಹುಳಿಯಾಯಿತು, ಬೆಲ್ಲ ಮತ್ತು ಕಾಯಿಹಾಲಿನ ಪಾಯಸವಾಯಿತು. ಬೆಂಗಳೂರಿನ ಮಕ್ಕಳು ಮೂರು ಸಲ ಬಡಿಸಿಕೊಂಡರು. ಮೇಡಂ ಎರಡು ಸಲ.

ಚಂದ್ರಮತಿ ಪಾಯಸದ ಲೋಟ ಹಿಡಿದು, ಸಿಕ್ಕಿದವರಿಗೆಲ್ಲ ಫೋನು ಬಂದ ಕಥೆಯನ್ನು ಆರನೆಯ ಸಲ ಹೇಳುತ್ತಿದ್ದಳು. ಆಗ ನವ್ಯ ಬಂದಳು. ಕೊರಳಲ್ಲಿ ನೀಲಿ ದಾರದ ಐಡಿ ಕಾರ್ಡು, ಮೈಮೇಲೆ ಒಂದು ಸುತ್ತು ದೊಡ್ಡದಾದ ಬಿಳಿ ಕೋಟು. ನಾಚಿಕೆಯೂ ಇಲ್ಲ, ಅವಸರವೂ ಇಲ್ಲ.

"ಅಮ್ಮ, ಇನ್ನ್ ನೀವೆಲ್ಲ ಹೊರಡಿ ಆಯ್ತಾ. ನಂಗೆ ಕ್ಲಾಸ್ ಇತ್ತ್."

ಎರಡು ತಲೆಮಾರಿನಿಂದ ಆ ಮನೆಯಲ್ಲಿ ಹೆಣ್ಣುಮಕ್ಕಳು ಬೋಟು ಬಂತು, ಗಿರಾಕಿ ಬಂದರು, ಅನ್ನ ಉಕ್ಕಿತು ಎಂದು ಮಾತು ಮುಗಿಸಿ ಎದ್ದು ಹೋಗಿದ್ದರು. ಕ್ಲಾಸಿದೆ ಎಂದು ಯಾರೂ ಯಾರನ್ನೂ ಎಬ್ಬಿಸಿರಲಿಲ್ಲ. ಚಂದ್ರಮತಿ ಲೋಟ ಕೆಳಗಿಟ್ಟಳು. ಎದ್ದು ನಿಂತು ಒಂದು ಸಲ ಸುತ್ತ ನೋಡಿದಳು. ಚೆಂಡೆಯವನು ಕೋಲೆತ್ತಿದ್ದ, ಅವಳು ಬೆರಳು ತುಟಿಗೆ ಒತ್ತಿದ್ದು ಕಂಡು ಕೋಲು ಗಾಳಿಯಲ್ಲೇ ನಿಂತಿತು.

"ಎಲ್ಲ ಏಳಿ. ಅವ್ಳಿಗೆ ಕ್ಲಾಸ್ ಇತ್ತಂಬ್ರ್."

ಪಾಠದ ಕೋಣೆಗಳು ಗೇಟಿನ ದಾರಿಯಲ್ಲೇ ಇದ್ದವು, ಕಿಟಕಿಗಳೆಲ್ಲ ತೆರೆದಿದ್ದವು. ಬೆಳಿಗ್ಗೆ ಐವತ್ತು ಕಿಲೋಮೀಟರು ಹೆದ್ದಾರಿಯನ್ನು ಅಲುಗಾಡಿಸಿ ಬಂದಿದ್ದ ಬೈಂದೂರು ಆ ಕಿಟಕಿಗಳ ಮುಂದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಒಬ್ಬರ ಹಿಂದೆ ಒಬ್ಬರಾಗಿ, ತುದಿಗಾಲಿನಲ್ಲಿ ನಡೆದುಹೋಯಿತು. ಚೆಂಡೆಯವರು ಚೆಂಡೆಯನ್ನು ಮಲಗಿದ ಮಗುವಿನಂತೆ ಎತ್ತಿಕೊಂಡಿದ್ದರು. ರಾಜೀವನ ಜೀಪನ್ನೂ ಪಿಕಪ್ಪನ್ನೂ ಎರಡೂ ಟೆಂಪೋಗಳನ್ನೂ, ಇಂಜಿನ್ ಶುರು ಮಾಡದೆ, ಗೇಟಿನ ಆಚೆಯವರೆಗೆ ಅವರು ಕೈಯಿಂದಲೇ ದೂಡಿಕೊಂಡು ಹೋದರು.